ಅಜ್ಜಂದಿರು ಹಾರಿದ ದಿಬ್ಬ

ನಮ್ಮ ಕ್ವೆರ್ನ್‌ದಾಲ್ ಕಣಿವೆಯ ಜನ ಸುಳ್ಳು ಹೇಳುವವರಲ್ಲ. ಮೀನು, ಬೇಟೆ, ಸ್ಕೀ ಜಿಗಿತ, ಈ ಮೂರರ ಮಾತು ಬಿಟ್ಟರೆ ನಮ್ಮಷ್ಟು ಸತ್ಯವಂತರು ಇಡೀ ನಾರ್ವೆಯಲ್ಲೇ ಸಿಗಲಿಕ್ಕಿಲ್ಲ. ಆದರೆ ಬೇಸಿಗೆಯಲ್ಲಿ ಮೀನು, ಎಲೆ ಉದುರುವಾಗ ಬೇಟೆ, ಚಳಿಗಾಲವಿಡೀ ಜಿಗಿತ ಇರುವುದರಿಂದ, ಸತ್ಯ ನುಡಿಯಲು ನಮಗೆ ಉಳಿಯುವುದು ಹಿಮ ಕರಗಿ ದಾರಿಯೆಲ್ಲ ಕೆಸರಾಗುವ ದಿನಗಳು ಮಾತ್ರ. ಆಗ ಯಾರೂ ಮನೆಯಿಂದ ಹೊರಗೆ ಬರುವುದಿಲ್ಲ.

ಇಂಥ ಊರಿನಲ್ಲಿ ನನ್ನ ಭಾವ ಓಡ್ಮುಂಡ್ ಇತಿಹಾಸಕಾರರಾದರು.

ಭಾವ ಅಂದರೆ ನನ್ನ ಅಕ್ಕ ಗುನ್ವೋರಳ ಗಂಡ. ಜೀವಮಾನವೆಲ್ಲ ಡೈರಿಯ ಹಾಲಿನ ಲಾರಿ ಓಡಿಸಿ ನಿವೃತ್ತರಾದವರು. ಬಹಳ ಒಳ್ಳೆಯ ಮನುಷ್ಯ. ಯಾರಿಗೂ ‘ಇಲ್ಲ’ ಅನ್ನಲು ಬಾಯಿ ಬಾರದು, ‘ಹೌದು’ ಅನ್ನಲು ಧೈರ್ಯ ಸಾಲದು. ಏನು ಕೇಳಿದರೂ “ಇದ್ರೂ ಇರಬಹುದು” ಅಂತ ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವರ ಪದ್ಧತಿ. ಮದುವೆಯ ದಿನ ಪಾದ್ರಿ ಕೇಳಿದಾಗಲೂ ಹಾಗೇ ಅಂದರು. ಅಕ್ಕ ಕಾಲು ತುಳಿದ ಮೇಲೆ ‘ಹೌದು’ ಹೊರಟಿತು.

ನಮ್ಮಲ್ಲಿ ಊರಿನ ಕೆಲಸವನ್ನು ಊರಿನವರೇ ಕೂಡಿ, ಕೂಲಿಯಿಲ್ಲದೆ ಮಾಡುತ್ತೇವೆ. ಅದಕ್ಕೆ ದುಗ್ನಾದ್ ಅಂತ ಹೆಸರು. ಬರಲೇಬೇಕು ಅಂತ ಯಾರೂ ಹೇಳುವುದಿಲ್ಲ. ಬರದಿದ್ದರೆ ಯಾರೂ ಏನೂ ಅನ್ನುವುದೂ ಇಲ್ಲ. ಬರದವನು ಸತ್ತು ಮೂವತ್ತು ವರ್ಷವಾದರೂ ಏನೂ ಅನ್ನದೆ ನೆನಪಿಟ್ಟುಕೊಂಡಿರುತ್ತಾರೆ, ಅಷ್ಟೆ.

ಆ ವರ್ಷ ದುಗ್ನಾದ್ ನಡೆಯಬೇಕಾಗಿದ್ದದ್ದು ಕ್ವೆರ್ನ್ ದಿಬ್ಬದಲ್ಲಿ. ನಮ್ಮ ಊರಿನ ಸ್ಕೀ ಜಿಗಿತದ ದಿಬ್ಬ ಅದು. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಗೋಪುರದ ಮೇಲಿಂದ ಹಿಮದಲ್ಲಿ ಜಾರಿ, ತುದಿಯಿಂದ ಗಾಳಿಗೆ ಹಾರಿ, ಕೆಳಗಿನ ಇಳಿಜಾರಿನಲ್ಲಿ ಇಳಿಯುವ ಆಟ. ಹಳೆಯ ಮರದ ಗೋಪುರ ಕುಸಿದು, ಇಳಿಜಾರಿನ ತುಂಬ ಪೊದೆ ಬೆಳೆದು ಎಷ್ಟೋ ಕಾಲದಿಂದ ಹಾಳು ಬಿದ್ದಿತ್ತು. ನಮ್ಮ ಮಕ್ಕಳು ಜಿಗಿತ ಕಲಿಯಲು ಬಸ್ಸು ಹತ್ತಿ ಪಕ್ಕದ ಸ್ತೂರ್‌ನೆಸ್ ಊರಿಗೆ ಹೋಗಬೇಕಾಗಿತ್ತು. ಸ್ತೂರ್‌ನೆಸ್‌ನವರು ಎಂಥವರೆಂದರೆ, ಬೇಡ, ಬಿಡಿ. ಸ್ಕೀ ಸಂಘದ ಅಧ್ಯಕ್ಷೆ ರಾಗ್ನಾ ಟೀಚರ್ ಹಟ ಹಿಡಿದು ಹೊಸ ಗೋಪುರ ಕಟ್ಟಿಸಿದರು. ದಿಬ್ಬಕ್ಕೆ ಎಪ್ಪತ್ತೈದು ವರ್ಷ ತುಂಬುವ ಫೆಬ್ರುವರಿಯಲ್ಲಿ ದೊಡ್ಡ ಹಬ್ಬ ಮಾಡಿ, ಮಕ್ಕಳ ಸ್ಪರ್ಧೆಯೊಂದಿಗೆ ದಿಬ್ಬವನ್ನು ಮತ್ತೆ ತೆರೆಯುವುದೆಂದು ತೀರ್ಮಾನವಾಯಿತು. ಅದಕ್ಕೆ ಮೊದಲು ಪೊದೆ ಕಡಿಯಬೇಕಲ್ಲ?

ಸೊಸೈಟಿ ಅಂಗಡಿಯ ಕಾಫಿ ಮೇಜಿನ ಹತ್ತಿರ ರಾಗ್ನಾ ಟೀಚರ್ ಭಾವನನ್ನು ಹಿಡಿದರು. “ಓಡ್ಮುಂಡ್, ಶನಿವಾರ ಕೊಡಲಿ ತಗೊಂಡು ಬರ್ತೀರಲ್ಲ?”

ಭಾವ ಕಾಫಿ ನುಂಗಿದರು. ಸೊಂಟ, ಮೊಣಕಾಲು, ಭುಜ, ಎಲ್ಲವೂ ಹಿಂದಿನ ವರ್ಷಗಳ ದುಗ್ನಾದ್‌ಗಳಲ್ಲಿ ಖರ್ಚಾಗಿ ಹೋಗಿದ್ದವು. ದೇಹದಲ್ಲಿ ನೋಯಲು ಹೊಸ ಜಾಗ ಉಳಿದಿರಲಿಲ್ಲ.

“ಬರ್ತಿದ್ದೆ ಟೀಚರ್. ಆದ್ರೆ... ನಾನು ದಿಬ್ಬದ ಇತಿಹಾಸ ಬರೀತಾ ಇದೀನಲ್ಲ.”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹಾಲಿನ ರಸೀದಿ ಬಿಟ್ಟು ಭಾವ ಬೇರೇನೂ ಬರೆದದ್ದನ್ನು ಯಾರೂ ಕಂಡಿರಲಿಲ್ಲ.

“ಅಯ್ಯೋ, ಎಂಥ ಒಳ್ಳೆ ಕೆಲಸ!” ಅಂದರು ಟೀಚರ್. “ಹಬ್ಬದ ದಿನ ಬೆಳಗ್ಗೆ ಸಮುದಾಯ ಭವನದಲ್ಲಿ ನೀವೇ ಓದಿಬಿಡಿ. ಇನ್ನೊಂದು ಮಾತು. ದಿಬ್ಬದ ಕೆಳಗೆ ಒಂದು ಕಲ್ಲು ನಿಲ್ಲಿಸ್ತೀವಿ. ನಾನು ತುತ್ತೂರಿ ಊದಿ ದಿಬ್ಬ ತೆರೆಯೋ ಹೊತ್ತಿನವರೆಗೆ ಅಲ್ಲಿ ಎಲ್ಲರಿಗಿಂತ ದೂರ ಹಾರಿದೋರು ಯಾರೋ, ಅವರ ಹೆಸರು ಅದರ ಮೇಲೆ. ಯಾರು ಅಂತ ನಿಮ್ಮ ಇತಿಹಾಸದಲ್ಲಿ ಇರುತ್ತಲ್ಲ?”

“ಇದ್ರೂ ಇರಬಹುದು” ಅಂದರು ಭಾವ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತ ಅವರು ಖುಷಿಯಾಗಿ ಮನೆಗೆ ಬಂದರು. ನಾವೆಲ್ಲ ಶನಿವಾರ ಪೊದೆ ಕಡಿದೆವು.

ಇಲ್ಲಿ ಒಂದು ವಿಷಯ ತಿಳಿಸಬೇಕು. ಸಂಘದ ಹಳೆಯ ಮನೆ, ಯಾರೋ ವಾಫಲ್ ಎಂಬ ಸಿಹಿದೋಸೆಯ ಕಾವಲಿ ಆರಿಸಲು ಮರೆತದ್ದರಿಂದ, ಎಲ್ಲ ದಾಖಲೆಗಳ ಸಮೇತ ಎಂದೋ ಸುಟ್ಟುಹೋಗಿತ್ತು. ದಾಖಲೆ ಇದ್ದಿದ್ದರೂ ಅಷ್ಟರಲ್ಲೇ ಇತ್ತು. ಆಗಿನ ಕಾಲದಲ್ಲಿ ಜಿಗಿತ ಅಳೆಯುತ್ತಿದ್ದದ್ದು ಕಣ್ಣಿನಲ್ಲಿ. ಇಳಿಜಾರಿನ ಅಂಚಿನುದ್ದಕ್ಕೂ ಜನ ಸಾಲಾಗಿ ನಿಲ್ಲುವುದು, ಸ್ಕೀ ನೆಲ ಮುಟ್ಟಿದ ಕಡೆ ನಿಂತವನು ಕೈ ಎತ್ತುವುದು. ಮನೆಯ ಹುಡುಗ ಜಿಗಿಯುವಾಗ ಮನೆಯವರೆಲ್ಲ ಆದಷ್ಟು ಕೆಳಗೆ ಹೋಗಿ ನಿಲ್ಲುತ್ತಿದ್ದರಂತೆ.

ಹಳೆಯ ಕಾಲದಲ್ಲಿ ಜಿಗಿದು ಹೆಸರು ಮಾಡಿದ ಮನೆತನಗಳು ಮೂರು. ಮೂರೂ ಒಂದನ್ನು ಕಂಡರೆ ಒಂದಕ್ಕೆ ಆಗದು. ಭಾವನ ಮನೆಗೆ ಮೊದಲು ಬಂದದ್ದು ಲೀಯೆನ್ ಮನೆಯ ತೂರ್ದಿಸಜ್ಜಿ. ಕೈಯಲ್ಲಿ ಬಿಸಿ ಆಲೂಗೆಡ್ಡೆ ರೊಟ್ಟಿ, ಮೇಲೆ ಬೆಣ್ಣೆ, ಸಕ್ಕರೆ.

“ಓಡ್ಮುಂಡ, ನಮ್ಮಪ್ಪ ಆ ಇಳಿಜಾರಿನ ಅರ್ಧದಲ್ಲಿ ಪಕ್ಕಕ್ಕಿರೋ ಬರ್ಚ್ ಮರದ ಹತ್ರ ಇಳಿದಿದ್ರು ಕಣಪ್ಪ. ಊರಿಗೇ ಗೊತ್ತು. ಬರ್ಕೊ.”

“ಇದ್ರೂ ಇರಬಹುದು ಅಜ್ಜಿ” ಅಂತ ಭಾವ ರೊಟ್ಟಿ ತಿಂದರು. ಅಜ್ಜಿ ಅದನ್ನು ‘ಹೌದು’ ಅಂತ ತಿಳಿದು ಊರೆಲ್ಲ ಹೇಳಿಕೊಂಡು ಬಂದಳು.

ಮರುದಿನ ಮರದ ಮಿಲ್ಲಿನ ಹಾಲ್‌ಗೇರ್ ಬ್ರೋತೆನ್ ಬಂದ. ಗಾಡಿ ತುಂಬ ಒಣ ಸೌದೆ. “ಬರ್ಚ್ ಮರದ ಹತ್ರ ನಮ್ಮಜ್ಜ ಇನ್ನೂ ಮೇಲೇ ಹೋಗ್ತಿದ್ರು. ಇಳಿದಿದ್ದು ಕೆಳಗಿನ ಬೇಲಿ ಪಕ್ಕ. ಸೌದೆ ಎಲ್ಲಿ ಹಾಕ್ಲಿ?”

“ಕೊಟ್ಟಿಗೆ ಹಿಂದೆ” ಅಂದರು ಭಾವ.

ಆಮೇಲೆ ಸೊಸೈಟಿ ಅಂಗಡಿಯ ಆರ್ನ್‌ಫಿನ್ ಮೂಎನ್. ಅವನು ಬೇಟೆಯ ಮಾಂಸ ತಂದಿದ್ದ, ಒಂದು ಇಡೀ ತೊಡೆ. “ಬೇಲಿನಾ? ನಮ್ಮಜ್ಜ ಬೇಲಿ ದಾಟಿದ್ರು, ರಸ್ತೆ ದಾಟಿದ್ರು, ನಿಮ್ಮ ಡೈರಿ ಅಂಗಳದಲ್ಲಿ ಇಳಿದ್ರು. ಅಲ್ಲಿ ಪಾತ್ರೆ ತೊಳೀತಿದ್ದ ಹುಡುಗಿ ಒಂದು ಲೋಟ ಮಜ್ಜಿಗೆ ಕೊಟ್ಲು. ಸ್ಕೀ ಬಿಚ್ಚದೇನೇ ಕುಡಿದ್ರು. ಆ ಹುಡುಗೀನೇ ಆಮೇಲೆ ನಮ್ಮಜ್ಜಿ ಆದ್ಲು. ಇದು ಸುಳ್ಳು ಅಂದ್ರೆ ನಾನೇ ಸುಳ್ಳು ಅಂದಂಗಾಯ್ತು. ನೋಡಿ, ನಾನು ಇದೀನೋ ಇಲ್ವೋ?”

ಭಾವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಇದ್ದ.

ಸುದ್ದಿ ಹರಡಿದಂತೆ ಅಜ್ಜಂದಿರು ದಿನೇ ದಿನೇ ಮುಂದೆ ಹೋಗತೊಡಗಿದರು. ಹಾಲ್‌ಗೇರ್ ಓಡೋಡಿ ಬಂದು, ತನ್ನಜ್ಜ ಡೈರಿಯ ಚಿಮಣಿಯ ಮೇಲೇ ಹಾದುಹೋದರೆಂದೂ, ಸ್ಕೀಗೆ ಹತ್ತಿದ ಮಸಿ ಇವತ್ತೂ ಇದೆಯೆಂದೂ, ಬೇಕಾದರೆ ತೋರಿಸುವೆನೆಂದೂ ಅಂದ. ಹಳೆಯ ಸ್ಕೀಗಳಿಗೆಲ್ಲ ಡಾಂಬರು ಬಳಿಯುತ್ತಿದ್ದರು, ಎಲ್ಲರ ಮನೆಯಲ್ಲೂ ಅವು ಕಪ್ಪಗೇ ಇವೆ. ಭಾವನಿಗೆ ಅದು ಹೊಳೆಯಲಿಲ್ಲ. ತೂರ್ದಿಸಜ್ಜಿ ಮೂರು ದಿನ ಮುನಿಸಿಕೊಂಡಿದ್ದು, ನಾಲ್ಕನೆಯ ದಿನ ಕಾಡುಹಣ್ಣಿನ ಜಾಮ್ ಜೊತೆ ಬಂದಳು.

“ವಯಸ್ಸಾಯ್ತು, ಮರೆತಿದ್ದೆ. ಅಪ್ಪ ಇಳಿದಿದ್ದು ನದಿ ಮಧ್ಯದಲ್ಲಿ. ದೋಣಿ ತಗೊಂಡು ಹೋಗಿ ಕರ್ಕೊಂಡು ಬಂದ್ರು.”

“ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿರುತ್ತಲ್ಲ ಅಜ್ಜಿ?”

“ಅವರು ಇಳಿದ ರಭಸಕ್ಕೆ ಒಡೀತು.”

ಭಾವ ಜಾಮ್ ತೆಗೆದುಕೊಂಡರು. ಅಕ್ಕ ಮಾತ್ರ ತಲೆ ತಲೆ ಚಚ್ಚಿಕೊಂಡಳು. “ರೀ, ಮೂರು ಮನೆಯೋರ ಅನ್ನ ತಿಂದಿದೀರ. ಕಲ್ಲು ಒಂದೇ ಇರೋದು. ಒಬ್ಬರ ಹೆಸರು ಹೇಳಿದ ದಿನ ಇನ್ನಿಬ್ಬರು ನಮ್ಮನ್ನ ಈ ಊರಲ್ಲಿ ಬಾಳಿಸ್ತಾರಾ?”

“ಏನಾದ್ರೂ ಆಗುತ್ತೆ ಬಿಡೆ” ಅಂದರು ಭಾವ. ಆದದ್ದೂ ಹಾಗೇ.

ಕಣಿವೆಯ ಪತ್ರಿಕೆಯ ವರದಿಗಾರ್ತಿ ಬಂದಳು. ನಮ್ಮ ಪತ್ರಿಕೆಯವರು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. “ಕ್ವೆರ್ನ್ ದಿಬ್ಬದಿಂದ ಜನ ರಸ್ತೆ ದಾಟಿ ಹಾರುತ್ತಿದ್ದರಂತೆ, ನಿಜವೇ?” ಅಂತ ಕೇಳಿದಳು. ಭಾವ ಏನು ಹೇಳಿರಬಹುದು ಅಂತ ನಿಮಗೂ ಗೊತ್ತು. ವಾರದ ಪತ್ರಿಕೆಯಲ್ಲಿ ಭಾವನ ಫೋಟೋ, ಅದರ ಮೇಲೆ ದಪ್ಪಕ್ಷರದಲ್ಲಿ: ‘ರಸ್ತೆಯಾಚೆಗೆ ಹಾರಿದ ವೀರರು: ಇತಿಹಾಸಕಾರರ ದೃಢೀಕರಣ’.

ಪತ್ರಿಕೆ ಓದಿ ಪಟ್ಟಣದಿಂದ ಸುರಕ್ಷತಾ ಅಧಿಕಾರಿ ಪ್ರೇಬೆನ್ ಬಂದ. ಇಸ್ತ್ರಿ ಮಾಡಿದ ಕೋಟು, ಸಣ್ಣ ಮೀಸೆ, ಹಿಮದಲ್ಲಿ ನಡೆಯಲು ಬಾರದ ಬೂಟು. ದಿಬ್ಬಕ್ಕೆ ಅನುಮತಿಪತ್ರ ಕೊಡಬೇಕಾದವನು ಅವನೇ. ರಾಗ್ನಾ ಟೀಚರ್, ಭಾವ, ನಾನು ಅವನನ್ನು ದಿಬ್ಬದ ಕೆಳಗೆ ಎದುರುಗೊಂಡೆವು.

“ಕಾನೂನು ಬಹಳ ಸರಳ” ಅಂದ ಪ್ರೇಬೆನ್. “ಜಿಗಿದೋರು ಎಲ್ಲಿ ಇಳೀತಾರೋ ಅಲ್ಲೀವರೆಗೆ ಬೇಲಿ ಹಾಕಬೇಕು, ಬೇಲಿಯೊಳಗೆ ವಾಹನ ಓಡಬಾರದು. ರಸ್ತೆ ದಾಟಿ ಇಳೀತಾರೆ ಅಂದ್ರೆ ರಸ್ತೆ ಮುಚ್ಚಬೇಕು. ಕಣಿವೆಗೆ ಇರೋದು ಇದೊಂದೇ ರಸ್ತೆ, ಮುಚ್ಚಕ್ಕಾಗಲ್ಲ. ಆದ್ದರಿಂದ ದಿಬ್ಬ ಮುಚ್ಚಬೇಕು.”

“ಸ್ವಾಮಿ, ಇದು ಮಕ್ಕಳ ದಿಬ್ಬ!” ಟೀಚರ್ ಕೂಗಿದರು. “ಯಾರೂ ರಸ್ತೆ ಹತ್ರಕ್ಕೂ ಬಂದಿಲ್ಲ!”

“ಇತಿಹಾಸಕಾರರು ದೃಢೀಕರಿಸಿದ್ದಾರಲ್ಲ” ಅಂತ ಪ್ರೇಬೆನ್ ಭಾವನ ಕಡೆ ಗೌರವದಿಂದ ನೋಡಿದ. “ಹಬ್ಬದ ದಿನ ನಾನೇ ಬಂದು ಕೇಳ್ತೀನಿ. ಒಬ್ಬ ರಸ್ತೆ ದಾಟಿದ್ದ ಅಂತ ಇತಿಹಾಸದಲ್ಲಿ ಬಂದ್ರೂ ಗೋಪುರ ಬಿಚ್ಚಿಸ್ತೀನಿ.”

ಅವನ ಕಾರು ಹೋದ ಮೇಲೆ ಟೀಚರ್ ಭಾವನ ಎದುರು ಬಂದು ನಿಂತರು. ಅವರ ಕಣ್ಣಲ್ಲಿ ನೀರಿತ್ತು. “ಓಡ್ಮುಂಡ್, ಮಕ್ಕಳು ಮತ್ತೆ ಸ್ತೂರ್‌ನೆಸ್ ಬಸ್ಸು ಹತ್ತೋ ಹಾಗೆ ಮಾಡಿದ್ರೆ ನಾನು ನಿಮ್ಮನ್ನ ಏನೂ ಅನ್ನಲ್ಲ.”

ಭಾವನ ಮುಖ ಬಿಳಚಿಕೊಂಡಿತು. ನಮ್ಮೂರಿನಲ್ಲಿ ‘ಏನೂ ಅನ್ನಲ್ಲ’ ಅಂದರೇನು ಅಂತ ಅವರಿಗೂ ಗೊತ್ತಿತ್ತು.

ಮೂರು ಮನೆಗಳಿಗೂ ಹೋಗಿ ಅಜ್ಜಂದಿರನ್ನು ಸ್ವಲ್ಪ ಹಿಂದಕ್ಕೆ ಕರೆದುಕೊಳ್ಳಿ ಅಂತ ನಾನೂ ಭಾವನೂ ಬೇಡಿಕೊಂಡೆವು. “ಅವನು ಮೊದಲು ಹಿಂದಕ್ಕೆ ಕರ್ಕೊಳ್ಳಿ” ಅಂದ ಹಾಲ್‌ಗೇರ್. “ಇವನು ಮೊದಲು” ಅಂದ ಆರ್ನ್‌ಫಿನ್. ತೂರ್ದಿಸಜ್ಜಿ ಬಾಗಿಲೇ ತೆಗೆಯಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಇತಿಹಾಸಕಾರ ತಾನೇ ಏನು ಮಾಡಿಯಾನು? ಹಬ್ಬದ ದಿನ ಬಂತು. ಭಾವ ಬರೆದದ್ದು ಒಂದೇ ಸಾಲು: ‘ನಮ್ಮ ದಿಬ್ಬ ಬಹಳ ಹಳೆಯದು.’

ಸಮುದಾಯ ಭವನ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಪ್ರೇಬೆನ್, ಅವನ ಹಿಂದೆ ಮೂರು ಮನೆತನಗಳು ಮಧ್ಯೆ ಜಾಗ ಬಿಟ್ಟುಕೊಂಡು. ಭಾವ ವೇದಿಕೆ ಹತ್ತಿ ತಮ್ಮ ಸಾಲು ಓದಿದರು. ಎಲ್ಲರೂ ತಲೆದೂಗಿದರು. ಮುಂದಿನ ಸಾಲಿಗಾಗಿ ಕಾದರು. ಭಾವ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು.

ಪ್ರೇಬೆನ್ ಎದ್ದ. “ನನ್ನದು ಒಂದೇ ಪ್ರಶ್ನೆ. ರಸ್ತೆ ದಾಟಿದ್ರೋ ಇಲ್ವೋ?”

ಹಿಂದಿನಿಂದ ಆರ್ನ್‌ಫಿನ್ ಕೆಮ್ಮಿದ. ಹಾಲ್‌ಗೇರ್ ಅವನಿಗಿಂತ ಜೋರಾಗಿ ಕೆಮ್ಮಿದ. ತೂರ್ದಿಸಜ್ಜಿ ಊರುಗೋಲಿನಿಂದ ನೆಲ ಕುಟ್ಟಿದಳು. ರಾಗ್ನಾ ಟೀಚರ್ ಎರಡೂ ಕೈ ಹಿಂಡುತ್ತ ಕೂತಿದ್ದರು. ಭಾವ ಕೈಯಲ್ಲಿದ್ದ ಹಾಳೆ ಮಡಚಿದರು.

“ದಾಟಿದ್ರು ಅಂತಾನೇ ಇಟ್ಕೊಳ್ಳಿ ಸಾರ್...” ಅಂದರು. ಟೀಚರ್ ಕಣ್ಣು ಮುಚ್ಚಿದರು. “ಆದ್ರೆ... ಬಿದ್ದಿದ್ರೂ ಬಿದ್ದಿರಬಹುದು.”

ಮೂರು ಮನೆತನಗಳೂ ಒಟ್ಟಿಗೆ ತಲೆ ಎತ್ತಿದವು.

ನಮ್ಮ ಕಡೆ ಒಬ್ಬನನ್ನು ಕಳ್ಳ ಅನ್ನಿ, ಕುಡುಕ ಅನ್ನಿ, ನಕ್ಕು ಸುಮ್ಮನಾಗುತ್ತಾನೆ. ಅವನ ಅಜ್ಜ ಜಿಗಿದು ಬಿದ್ದ ಅನ್ನಬಾರದು. ಬಿದ್ದವನ ಜಿಗಿತ ಲೆಕ್ಕಕ್ಕಿಲ್ಲ. ಎಷ್ಟೇ ದೂರ ಹೋಗಲಿ, ಕಾಲ ಮೇಲೆ ನಿಂತವನೇ ಗಂಡಸು.

“ಯಾರೋ ಬಿದ್ದಿದ್ದು?” ಅಂತ ತೂರ್ದಿಸಜ್ಜಿ ಎದ್ದಳು. ಅವಳು ಅಷ್ಟು ಚುರುಕಾಗಿ ಎದ್ದದ್ದನ್ನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. “ನಮ್ಮಪ್ಪ ನಿಂತಿದ್ರು! ಗೂಟದ ಹಾಗೆ ನಿಂತಿದ್ರು!”

“ನದಿ ಮಧ್ಯದಲ್ಲಿ ಹೇಗಜ್ಜಿ ನಿಲ್ಲೋದು?” ಅಂದ ಹಾಲ್‌ಗೇರ್. “ಮಂಜುಗಡ್ಡೆ ಒಡೆದು ದೋಣಿಯಲ್ಲಿ ಕರ್ಕೊಂಡು ಬಂದ್ರು ಅಂತ ನೀವೇ ಅಂದ್ರಿ. ಮುಳುಗಿದೋರು ನಿಂತಿದ್ರಾ?”

ಅಜ್ಜಿ ಒಂದು ಗಳಿಗೆ ಯೋಚಿಸಿದಳು. “ನದಿ ಅಂದಿದ್ದು ಬಾಯಿ ತಪ್ಪಿ. ಬೇಲಿ ಹತ್ರ. ನಿಂತಿದ್ರು.”

“ಬೇಲಿಗೆ ಬಡೀದೆ ಇರ್ತಾರಾ?” ಅಂದ ಆರ್ನ್‌ಫಿನ್.

“ನೀನು ಸುಮ್ನಿರೋ. ಚಿಮಣಿ ಮೇಲೆ ಹೋದೋನು ನಿಂತಿದ್ನಾ ಅಂತ ಇವನನ್ನ ಕೇಳು.”

“ಚಿಮಣಿನ ಯಾರು ನೋಡಿದ್ರು!” ಅಂದ ಹಾಲ್‌ಗೇರ್, ಅದರ ಮಸಿ ತೋರಿಸುವೆನೆಂದಿದ್ದವನೇ. “ನಮ್ಮಜ್ಜ ಇಳಿದಿದ್ದು ಬರ್ಚ್ ಮರದ ಹತ್ರ. ನೆಟ್ಟಗೆ!”

“ಬರ್ಚ್ ಹತ್ರ ನೆಲ ಗುಂಡಿ ಬಿದ್ದಿದೆ. ಅಲ್ಲಿ ಇಳಿದೋರೆಲ್ಲ ಪಲ್ಟಿ ಹೊಡೀತಿದ್ರು” ಅಂತ ಆರ್ನ್‌ಫಿನ್ ಮೇಜು ಗುದ್ದಿದ. “ನಮ್ಮಜ್ಜ ಅದಕ್ಕೇ ಮೇಲಿನ ಬಂಡೆ ಹತ್ರಾನೇ ಇಳಿದ್ರು, ಬುದ್ಧಿವಂತರು.”

“ಡೈರಿ ಹುಡುಗಿ ಮಜ್ಜಿಗೆ?” ಅಂತ ಹಾಲ್‌ಗೇರ್ ಕೆಣಕಿದ.

“ಅವಳೇ ಬಂಡೆ ಹತ್ರ ತಂದ್ಲು!”

ಹೀಗೆ, ತಿಂಗಳುಗಟ್ಟಲೆ ಮುಂದಕ್ಕೆ ಹೋದ ಅಜ್ಜಂದಿರು ಒಂದು ಗಂಟೆಯೊಳಗೆ ಹಿಂದಕ್ಕೆ ಬಂದರು. ಯಾವ ಜಾಗ ಹೇಳಿದರೂ ಅಲ್ಲಿ ಬೀಳಲೇಬೇಕು ಅನ್ನುವುದಕ್ಕೆ ಇನ್ನಿಬ್ಬರ ಹತ್ತಿರ ಕಾರಣವಿತ್ತು. ಬಂಡೆಯ ಹತ್ತಿರ ಗಾಳಿ ತಿರುಗುತ್ತದೆ, ಅದಕ್ಕಿಂತ ಮೇಲಿನ ಜಾಗದಲ್ಲಿ ಬೇರು ಎದ್ದಿದೆ. ಕೊನೆಗೆ ಮೂವರೂ, ಜಿಗಿಯುವ ತುದಿಯಿಂದ ಮಾರು ದೂರವೂ ಇಲ್ಲದ ನಾವು ಕಡಿಯದೆ ಬಿಟ್ಟಿದ್ದ ಒಂದು ಕುಳ್ಳ ಮುಳ್ಳುಪೊದೆಯ ಪಕ್ಕಕ್ಕೆ ಬಂದು, ಒಬ್ಬರಿಗೊಬ್ಬರು ತಗುಲಿಕೊಂಡು, ನೆಟ್ಟಗೆ ನಿಂತರು. ಅಲ್ಲಿ ಬೀಳಲು ಯಾವ ಕಾರಣವನ್ನೂ ಯಾರೂ ಹುಡುಕಲಾರದೆ ಹೋದರು.

ಪ್ರೇಬೆನ್ ಪೆನ್ನು ತೆಗೆದ. “ಇಷ್ಟು ಸುರಕ್ಷಿತ ದಿಬ್ಬವನ್ನ ನನ್ನ ಸರ್ವೀಸಿನಲ್ಲೇ ಕಂಡಿಲ್ಲ” ಅಂತ ಅನುಮತಿಪತ್ರಕ್ಕೆ ಸಹಿ ಹಾಕಿದ. “ಸ್ಪರ್ಧೆ ನೋಡ್ಕೊಂಡೇ ಹೋಗ್ತೀನಿ. ನಾನಿರುವಾಗ ಒಬ್ಬ ರಸ್ತೆ ಕಡೆ ಬಂದ್ರೂ ಸಹಿ ವಾಪಸ್.”

ಟೀಚರ್ ಹಿಗ್ಗಿ ಹೋದರು. “ಮೂವರದ್ದೂ ಒಂದೇ ದೂರ, ಮೂರು ಹೆಸರೂ ಕೆತ್ತಿಸೋಣ” ಅಂದರು.

“ಬ್ರೋತೆನ್ ಹೆಸರಿನ ಪಕ್ಕ ನಮ್ಮಪ್ಪನ ಹೆಸರಾ? ಕಲ್ಲು ತಲೆ ಮೇಲೆ ಹಾಕ್ಕೋತೀನಿ!” ಅಂದಳು ತೂರ್ದಿಸಜ್ಜಿ. ಉಳಿದಿಬ್ಬರೂ ಅದನ್ನೇ ಅಂದರು. ಆ ಮೂವರು ಜನ್ಮದಲ್ಲಿ ಒಮ್ಮತಕ್ಕೆ ಬಂದದ್ದು ಆ ಒಂದು ಮಾತಿನಲ್ಲಿ.

ಜಗಳ ದಿಬ್ಬದ ಬುಡಕ್ಕೆ ಸಾಗಿತು. ಬೆಳಗ್ಗೆ ಹೊಸ ಹಿಮ ಬಿದ್ದಿದ್ದರಿಂದ ನಾವೆಲ್ಲ ಸ್ಕೀ ಕಟ್ಟಿಕೊಂಡು, ಇಳಿಜಾರಿನಲ್ಲಿ ಅಡ್ಡಡ್ಡ ಹೆಜ್ಜೆ ಹಾಕುತ್ತ ಹಿಮ ತುಳಿದು ಗಟ್ಟಿ ಮಾಡಿದೆವು. ಟೀಚರ್ ಭಾವನ ಕೈಗೆ ಪೊರಕೆ ಕೊಟ್ಟರು. “ಇತಿಹಾಸ ಮುಗೀತಲ್ಲ. ಮೇಲೆ ಹೋಗಿ ಜಾರೋ ಜಾಡು ಗುಡಿಸಿ.”

ಈ ಸಲ ಭಾವನ ಹತ್ತಿರ ನೆಪವಿರಲಿಲ್ಲ. ತಮ್ಮ ಹಳೆಯ ಉದ್ದನೆಯ ಸ್ಕೀ ಕಟ್ಟಿಕೊಂಡು ಗೋಪುರದ ಅರ್ಧಕ್ಕೆ ಹತ್ತಿ, ಪೊರಕೆ ಬೀಸಿದರು. ಒಂದು ಸಲ ಬೀಸಿದರು. ಎರಡನೆಯ ಸಲ ಬೀಸಿದಾಗ ಪೊರಕೆ ಅಲ್ಲೇ ಉಳಿಯಿತು, ಭಾವ ಹೊರಟರು.

“ಅಯ್ಯೋ, ಇವರೇ!” ಅಂತ ಅಕ್ಕ ಚೀರಿದಳು.

ಭಾವ ಬಾಯಿ ತೆರೆದುಕೊಂಡೇ ಬಂದರು. ಎರಡೂ ಕೈ ಪಕ್ಕಕ್ಕೆ ಅಂಟಿ, ಮೊಣಕಾಲು ಬಿಗಿದು, ಹಾಲಿನ ಲಾರಿ ಇಳಿಜಾರಿನಲ್ಲಿ ಬಂದಷ್ಟೇ ಗಂಭೀರವಾಗಿ ಜಾರಿ ಬಂದು, ತುದಿಯಿಂದ ಹೊರಬಿದ್ದರು. ಮುಳ್ಳುಪೊದೆಯ ಮೇಲಿಂದ ಹಾದು, ಅದರಾಚೆಗೆ ಸ್ಕೀ ನೆಲ ಮುಟ್ಟಿತು. ಬೀಳಲಿಲ್ಲ. ಹೆದರಿಕೆಗೆ ಮರಗಟ್ಟಿದ ಮನುಷ್ಯ ಬೀಳುವುದಾದರೂ ಹೇಗೆ? ಹಾಗೇ ಇಳಿಜಾರೆಲ್ಲ ಇಳಿದು, ಬೇಲಿಯ ಈಚೆ ನಮ್ಮೆಲ್ಲರ ನಡುವೆ ಬಂದು ನಿಂತರು.

ಮೊದಲು ಮಾತಾಡಿದವನು ಪ್ರೇಬೆನ್. “ತುತ್ತೂರಿ ಊದಿದ್ರಾ?”

ಟೀಚರ್ ಕೈಯಲ್ಲಿದ್ದ ತುತ್ತೂರಿ ನೋಡಿದರು. “ಇಲ್ಲ.”

“ಹಾಗಾದ್ರೆ ದಿಬ್ಬ ಇನ್ನೂ ತೆರೆದಿಲ್ಲ, ಇದು ಇತಿಹಾಸಕ್ಕೆ ಸೇರಿದ್ದು. ನಿಯಮ ಅಂದ್ರೆ ನಿಯಮ. ನಿಂತ ಜಿಗಿತ, ಪೊದೆಗಿಂತ ಆಚೆ. ಕಲ್ಲಿಗೆ ಇವರ ಹೆಸರು.”

ಮೂರು ಮನೆಯವರು ಮುಖ ಮುಖ ನೋಡಿಕೊಂಡರು. ತೂರ್ದಿಸಜ್ಜಿ ಭಾವನ ಸುತ್ತ ಒಂದು ಸುತ್ತು ಬಂದು, ಅವರ ಪ್ಯಾಂಟಿನ ಹಿಂಭಾಗದಲ್ಲಿ ಹಿಮ ಇದೆಯೋ ಅಂತ ಕೋಲಿನಿಂದ ತಟ್ಟಿ ನೋಡಿದಳು. ಇರಲಿಲ್ಲ.

“ಬ್ರೋತೆನ್‌ಗಿಂತ ಇವನೇ ವಾಸಿ” ಅಂದಳು.

“ಮೂಎನ್‌ಗಿಂತ ವಾಸಿ” ಅಂದ ಹಾಲ್‌ಗೇರ್. ಆರ್ನ್‌ಫಿನ್ ಟೋಪಿ ತೆಗೆದ. ರಾಗ್ನಾ ಟೀಚರ್ ಅಳುತ್ತ, ನಗುತ್ತ ತುತ್ತೂರಿ ಊದಿಯೇಬಿಟ್ಟರು.

ಭಾವ ಮಾತ್ರ ಅಲುಗಲಿಲ್ಲ. ನಾನು ಹತ್ತಿರ ಹೋದೆ. ತುಟಿ ಅಲುಗಿಸದೆ ಅಂದರು, “ಸ್ಟೈನಾರ್, ಮೊಣಕಾಲು ಮಡಿಸಕ್ಕೆ ಆಗ್ತಿಲ್ಲ ಕಣೋ. ಯಾರಾ‌ದ್ರೂ ಬಂದು ನನ್ನ ಮಲಗಿಸ್ರೋ.”

“ಭಾವಾ, ನಿಮ್ಮ ದಮ್ಮಯ್ಯ, ಈಗ ಬೀಳಬೇಡಿ. ಬಿದ್ರೆ ಜಿಗಿತ ಹೋಯ್ತು. ಆ ಅಧಿಕಾರಿ ಪುಣ್ಯಾತ್ಮ ಇನ್ನೂ ಇಲ್ಲೇ ಇದಾನೆ.”

ಅಕ್ಕ ಓಡಿ ಬಂದು ಗಂಡನ ಎಡಗೈ ಹಿಡಿದು ನಿಂತಳು, ನಾನು ಬಲಗೈ. ಮಕ್ಕಳ ಸ್ಪರ್ಧೆ ಶುರುವಾಯಿತು. ಊರಿನ ಪುಟ್ಟ ಹುಡುಗಿಯರೆಲ್ಲ ಹಕ್ಕಿಗಳಂತೆ ಬರ್ಚ್ ಮರದವರೆಗೂ ಹಾರಿದರು. ಯಾರೂ ಬೇಲಿ ದಾಟಲಿಲ್ಲ, ಯಾರೂ ಬೀಳಲಿಲ್ಲ. ಇಡೀ ಸ್ಪರ್ಧೆಯನ್ನು ಭಾವ ನಿಂತೇ ನೋಡಿದರು. ಅಕ್ಕ ಜಾಮ್ ಹಚ್ಚಿದ ವಾಫಲ್ ಬಾಯಿಗೆ ಹಾಕಿದಳು, ನಿಂತೇ ತಿಂದರು. ಪ್ರೇಬೆನ್ ಬಂದು ಕೈ ಕುಲುಕಿ, “ನಿಮ್ಮ ಶಿಸ್ತು ದೊಡ್ಡದು” ಅಂದಾಗ ಸೆಟೆದುಕೊಂಡೇ ಇದ್ದರು.

ಕೊನೆಗೆ ಪ್ರೇಬೆನ್‌ನ ಕಾರು ಹೊರಟಿತು. ಸಮುದಾಯ ಭವನ ದಾಟಿತು, ತಿರುವಿನಲ್ಲಿ ಮರೆಯಾಯಿತು. ಆಗ ರಾಗ್ನಾ ಟೀಚರ್, ಯಾರೂ ಹೇಳಿಕೊಡದೆ, ಮೆಲ್ಲಗೆ ದಿಬ್ಬಕ್ಕೆ ಬೆನ್ನು ಮಾಡಿ ನದಿಯಾಚೆಯ ಚರ್ಚಿನ ಕಡೆ ನೋಡತೊಡಗಿದರು. ಅವರನ್ನು ನೋಡಿ ಆರ್ನ್‌ಫಿನ್ ತಿರುಗಿದ, ಹಾಲ್‌ಗೇರ್ ತಿರುಗಿದ, ಮಕ್ಕಳು ಮುದುಕರು ಎಲ್ಲರೂ ತಿರುಗಿದರು. ತೂರ್ದಿಸಜ್ಜಿ ಸ್ವಲ್ಪ ಹೊತ್ತು ಭಾವನನ್ನೇ ದುರುಗುಟ್ಟಿ ನೋಡಿ, ನಿಟ್ಟುಸಿರು ಬಿಟ್ಟು, ಅವಳೂ ಚರ್ಚಿನ ಕಡೆ ತಿರುಗಿದಳು.

ನಾನೂ ಅಕ್ಕನೂ ಕೈ ಬಿಟ್ಟು ತಿರುಗಿಕೊಂಡೆವು. ಹಿಂದೆ ಏನೋ ದೊಡ್ಡ ಸದ್ದಾಯಿತು.

ಓಡ್ಮುಂಡ್ ಭಾವ ಬಿದ್ದದ್ದನ್ನು ನಮ್ಮ ಕಣಿವೆಯಲ್ಲಿ ಇವತ್ತಿನವರೆಗೂ ಯಾರೂ ಕಂಡಿಲ್ಲ.